ಒಣಗದ ನೆಲ

ಗೇಟಿಗೆ ಬೀಗ ಹಾಕಿದ್ದು ಕಳ್ಳರು ಒಳಗೆ ಬರಬಾರದೆಂದಲ್ಲ. ಕೆಲಸದವರು ಹೊರಗೆ ಹೋಗಬಾರದೆಂದು.

ಮಂದಿರದ ಉದ್ಘಾಟನೆಗೆ ದಿನ ನಿಗದಿಯಾದ ಕೂಡಲೇ ಕಾರ್ಯದರ್ಶಿ ಮೇಸ್ತ್ರಿಯನ್ನು ಕರೆಸಿ ಹೇಳಿದ: ಕೆಲಸ ಮುಗಿಯುವವರೆಗೆ ಒಬ್ಬರೂ ಆವರಣ ದಾಟಕೂಡದು. ಮನೆಗೆ ಹೋಗಿ ಬರುತ್ತೇವೆಂದು ಹೋದವರು ತಿರುಗಿ ಬಾರದೆ ಎಷ್ಟೋ ಕಟ್ಟಡಗಳು ಅರ್ಧಕ್ಕೆ ನಿಂತದ್ದನ್ನು ಅವನು ಕಂಡಿದ್ದ. ಅಂದೇ ಸಂಜೆ ಗೇಟಿಗೆ ಸರಪಳಿ ಬಿತ್ತು. ಬೀಗದ ಕೈ ಕಾರ್ಯದರ್ಶಿಯ ಜೇಬು ಸೇರಿತು. ದಿನಸಿ ಒಳಗೇ ಬರತೊಡಗಿತು. ಔಷಧಿಯ ಡಬ್ಬಿಯೂ ಬಂತು. ಅದರಲ್ಲಿದ್ದದ್ದು ಜ್ವರದ ಮಾತ್ರೆ, ತಲೆನೋವಿನ ಮಾತ್ರೆ, ಒಂದು ಬಾಟಲಿ ಕೆಮ್ಮಿನ ಔಷಧಿ. ಬೇರೆ ಕಾಯಿಲೆ ಬರಿಸಿಕೊಳ್ಳಲು ಯಾರಿಗೂ ಅನುಮತಿ ಇರಲಿಲ್ಲ.

ಕೆಲಸದವರ ತಗಡಿನ ಶೆಡ್ಡುಗಳು ಮಂದಿರದ ಹಿಂಗೋಡೆಗೆ ಅಂಟಿಕೊಂಡಿದ್ದವು. ದೇಣಿಗೆ ಕೊಟ್ಟವರು ಕಟ್ಟಡ ನೋಡಲು ಬಂದಾಗ ಶೆಡ್ಡುಗಳ ಮುಂದೆ ಹಸಿರು ಪರದೆ ಎಳೆಯುತ್ತಿದ್ದರು. ಪರದೆಯ ಹಿಂದಿದ್ದವರು ಹೊರಗೆ ಬರಬಾರದು, ಪಾತ್ರೆ ಸದ್ದು ಮಾಡಬಾರದು. ನೆಲ ಅರೆಯುವ ಮೂಲೆಯಕ್ಕನ ಗಂಡ ಇನ್ನೂ ಒಂದು ಮಾಡಬಾರದಾಗಿತ್ತು. ಅವನು ಕೆಮ್ಮಬಾರದಾಗಿತ್ತು. ಅಂಥ ಹೊತ್ತಿನಲ್ಲಿ ಅವನು ಟವೆಲನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು, ಗೋಡೆಗೆ ಹಣೆ ಒತ್ತಿ ಕೂರುತ್ತಿದ್ದ. ಕೆಮ್ಮು ಬಾಯಿಂದ ಬರಲಾಗದೆ ಬೆನ್ನನ್ನು ಅಲುಗಾಡಿಸುತ್ತಿತ್ತು. ದೇಣಿಗೆಯವರು ಹೋದ ಮೇಲೆ ಟವೆಲು ತೆಗೆದರೆ ಅದರಲ್ಲಿ ಕೆಂಪು ಇರುತ್ತಿತ್ತು.

ಅವನು ಕಲ್ಲು ಕುಯ್ಯುವವನು. ಗ್ರಾನೈಟು ಕುಯ್ಯುವಾಗ ಬ್ಲೇಡಿನ ಮೇಲೆ ನೀರು ಬೀಳುತ್ತಿರಬೇಕು. ನೀರಿದ್ದರೆ ಧೂಳು ರಾಡಿಯಾಗಿ ಕೆಳಗಿಳಿಯುತ್ತದೆ. ನೀರಿಲ್ಲದಿದ್ದರೆ ಗಾಳಿಗೇರುತ್ತದೆ, ಗಾಳಿಯಿಂದ ಎದೆಗಿಳಿಯುತ್ತದೆ. ಇಳಿದದ್ದು ಮತ್ತೆ ಹೊರಗೆ ಬರುವುದಿಲ್ಲ. ಮಂದಿರಕ್ಕೆ ಕೆತ್ತನೆಯ ಬಾಗಿಲು ಕೂರಿಸಿದ ಮೇಲೆ, ರಾಡಿ ಸಿಡಿದು ಮರ ಹಾಳಾಗುತ್ತದೆಂದು ಕಾರ್ಯದರ್ಶಿ ನೀರು ನಿಲ್ಲಿಸಿದ. ಉಳಿದ ಕರಿಕಲ್ಲಿನ ಪಟ್ಟಿಗಳನ್ನೆಲ್ಲ ಒಳಗೇ ಕೂತು ನೀರಿಲ್ಲದೆ ಕುಯ್ಯಬೇಕಾಯಿತು. ಇಲ್ಲಿಗೆ ಬರುವ ಮೊದಲೇ ಅವನಿಗೆ ಕೆಮ್ಮಿತ್ತು. ಇಲ್ಲಿ ಅದಕ್ಕೆ ರಕ್ತ ಸೇರಿತು. ಬಾಗಿಲಿಗೆ ಏನೂ ಆಗಲಿಲ್ಲ.

ಅವನ ಹೆಂಡತಿಯನ್ನು ಮೂಲೆಯಕ್ಕ ಎಂದು ಕರೆಯಲು ಕಾರಣವಿತ್ತು. ನೆಲ ಅರೆಯುವ ಮಷೀನು ದುಂಡಗಿನದು. ದುಂಡಗಿನದು ಮೂಲೆಗೆ ಹೋಗುವುದಿಲ್ಲ. ಗೋಡೆ ನೆಲ ಸೇರುವ ಕಡೆ, ಕಂಬದ ಬುಡ, ಮೆಟ್ಟಿಲಿನ ಒಳಸಂದು, ಇವನ್ನೆಲ್ಲ ಒಬ್ಬರು ಮೊಣಕಾಲೂರಿ ಕೂತು ಸಾಣೆಕಲ್ಲು ಹಿಡಿದು ಕೈಯಿಂದಲೇ ಅರೆಯಬೇಕು. ಮೊದಲು ಒರಟು ಕಲ್ಲು, ಆಮೇಲೆ ನಯದ ಕಲ್ಲು, ಕೊನೆಗೆ ಆಸಿಡ್ ಪುಡಿ. ಅವಳ ಮೊಣಕಾಲುಗಳು ಒಂಟೆಯ ಮೊಣಕಾಲಿನಂತೆ ಗಟ್ಟಿಯಾಗಿದ್ದವು. ಉಗುರುಗಳನ್ನು ಆಸಿಡ್ ತಿಂದಿತ್ತು. ಬೆರಳಿನ ಗೆರೆಗಳು ಸವೆದುಹೋಗಿದ್ದವು.

ಆದರೂ ಈ ಕೆಲಸ ಸಿಕ್ಕಿದಾಗ ಅವಳು ಅತ್ತಿದ್ದಳು, ಸಂತೋಷಕ್ಕೆ. ಅಲ್ಲಿಯವರೆಗೆ ಅರೆದದ್ದೆಲ್ಲ ಬ್ಯಾಂಕು, ಹೋಟೆಲು, ಯಾರದೋ ಬಚ್ಚಲುಮನೆ. ದೇವರ ಮನೆ ಇದೇ ಮೊದಲು. ದೇವರ ಹೆಸರು ಹೇಳದೆ ಅವಳು ಸಾಣೆಕಲ್ಲು ಮುಟ್ಟುತ್ತಿರಲಿಲ್ಲ. ಕಲ್ಲು ಮುಂದೆ ಹೋಗುವಾಗ ಒಂದು ಸಲ, ಹಿಂದೆ ಬರುವಾಗ ಒಂದು ಸಲ. ಒಳಪ್ರಾಂಗಣದಲ್ಲಿ ದೇವರನ್ನು ಕೂರಿಸುವ ಪೀಠವಿತ್ತು. ಅದರ ಹಿಂಬದಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಲಾಗಿ ತೂರುವಷ್ಟು ಜಾಗ. ಅಲ್ಲೂ ತೂರಿಕೊಂಡು ಅವಳು ಕನ್ನಡಿಯಂತೆ ಅರೆದಳು.

"ಅಲ್ಲಿ ಯಾರೇ ನೋಡ್ತಾರೆ?" ಎಂದು ಗಂಡ ಕೇಳಿದ್ದ. ಆಗ ಅವನಿಗೆ ಇನ್ನೂ ನಗುವಷ್ಟು ಉಸಿರಿತ್ತು.

"ನೋಡೋನು ನೋಡ್ತಾನೆ."

"ನಿನ್ನ ದೇವರಿಗೆ ಬೆನ್ನ ಹಿಂದೂ ಕಣ್ಣಾ?"

"ಇರುತ್ತೆ. ನಿನ್ನ ಹಾಗಾ? ಮೂಗಿನ ಮುಂದೆ ಇಟ್ಟ ತಟ್ಟೇನೇ ಕಾಣಲ್ಲ ನಿಂಗೆ."

"ಹಂಗಾದ್ರೆ ಆ ಕಣ್ಣಿಂದ ಒಂದ್ಸಲ ಈ ಗೋಡೆ ಹಿಂದೆ ಇಣುಕೋಕೆ ಹೇಳು. ನಮ್ ಶೆಡ್ಡು ಅಲ್ಲೇ ಇರೋದು."

ಅವಳು ಅವನ ಬಾಯಿಗೆ ಕೈ ಅಡ್ಡ ಇಟ್ಟಿದ್ದಳು. ಅವನು ದೇವರನ್ನು ನಂಬುತ್ತಿರಲಿಲ್ಲ. ಅವಳನ್ನು ನಂಬುತ್ತಿದ್ದ. ಸಂಸಾರಕ್ಕೆ ಅಷ್ಟು ಸಾಕಾಗಿತ್ತು.

ಬೀಗ ಬಿದ್ದ ಮೇಲೆ ಕೆಲಸದವರು ಒಂದು ಸಲ ಗೇಟಿನ ಹತ್ತಿರ ಗುಂಪುಗೂಡಿದ್ದರು. ಮುಂದೆ ನಿಂತಿದ್ದವನು ಮಷೀನ್ ಮಾವ. ನೆಲ ಅರೆಯುವ ಮಷೀನನ್ನು ಜೀವಮಾನವಿಡೀ ನಡೆಸಿ ಅವನ ಕಿವಿ ಮಂದವಾಗಿತ್ತು. ಗುಟ್ಟು ಹೇಳಿದರೂ ಬೀದಿಗೆ ಕೇಳುವಂತೆ ಹೇಳುತ್ತಿದ್ದ. ಅವನ ಕೈಯಲ್ಲಿ ಹಾರೆ ಇತ್ತು. ಪಕ್ಕದಲ್ಲಿ ಗೊಣಗಮ್ಮ. ರಾಡಿ ಬಳಿದು ಬಕೆಟ್ಟಿಗೆ ತುಂಬುವವಳು. ಬೆಳಗಿನಿಂದ ಸಂಜೆಯವರೆಗೆ ಗೊಣಗುತ್ತಲೇ ಇರುತ್ತಿದ್ದರಿಂದ ಆ ಹೆಸರು.

"ದೇವರು ಕೊಟ್ರೂ ಪೂಜಾರಿ ಕೊಡ ಅಂತಾರೆ," ಗೊಣಗಮ್ಮ ಅಂದಳು. "ಇಲ್ಲಿ ದೇವರು ಇನ್ನೂ ಬಂದೇ ಇಲ್ಲ, ಪೂಜಾರಿಗಳು ಬಂದು ಬೀಗ ಹಾಕ್ಕೊಂಡು ಕೂತವ್ರೆ. ಏ ಮಾವ, ಹಾಕು ಒಂದೇಟು."

ಮೇಸ್ತ್ರಿ ಓಡಿಬಂದ. ಅವನು ಬೈಯಲಿಲ್ಲ. ಅವನು ಹಿಂದೆ ತಿರುಗಿ ಮೂಲೆಯಕ್ಕನನ್ನು ಹುಡುಕಿದ. "ಅಕ್ಕಾ, ನೀನೇ ಹೇಳು. ದೇವರ ಕೆಲಸ ಬಿಟ್ಟು ಹೋಗೋದು ಸರೀನಾ?"

ಎಲ್ಲರೂ ಅವಳ ಕಡೆ ನೋಡಿದರು. ಅವಳು ನಿಜವಾಗಿ ನಂಬಿದ್ದನ್ನೇ ಹೇಳಿದಳು. "ಕೈ ಹಾಕಿದ ಮೇಲೆ ಮುಗಿಸೇ ಹೋಗ್ಬೇಕು. ಅವನಿಗೆ ಕೂರೋಕೆ ಜಾಗ ಮಾಡ್ತಾ ಇದೀವಿ. ಅರ್ಧಕ್ಕೆ ಬಿಡಬಾರದು."

ಮಷೀನ್ ಮಾವ ಹಾರೆ ಕೆಳಗಿಟ್ಟ. ಗೊಣಗಮ್ಮ ಆ ದಿನ ಗೊಣಗಲಿಲ್ಲ, ಅದು ಗೊಣಗಿದ್ದಕ್ಕಿಂತ ಕಷ್ಟವಾಗಿತ್ತು. ಅಂದಿನಿಂದ ಯಾರಾದರೂ ರಜೆ ಕೇಳಿದರೆ, ದುಡಿಮೆಗೆ ತಕ್ಕ ವಿಶ್ರಾಂತಿ ಕೇಳಿದರೆ, ಮೇಸ್ತ್ರಿ ಒಂದೇ ಮಾತು ಹೇಳುತ್ತಿದ್ದ: "ಮೂಲೆಯಕ್ಕನ್ನ ನೋಡಿ ಕಲೀರಿ." ಗೇಟಿನಲ್ಲಿದ್ದದ್ದು ಒಂದು ಬೀಗ. ಇನ್ನೊಂದು ಅವಳೇ ಆಗಿದ್ದಳು. ಇದು ಅವಳಿಗೆ ತಡವಾಗಿ ಅರ್ಥವಾಯಿತು. ಅಷ್ಟರಲ್ಲಿ ಗಂಡ ಮಲಗುವುದನ್ನು ಬಿಟ್ಟಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇರುತ್ತಿದ್ದ.

ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಅವನ ತುಟಿ ನೀಲಿಯಾಗಿತ್ತು.

ಅವಳು ಮೇಸ್ತ್ರಿಯ ಹತ್ತಿರ ಹೋದಳು. ಮೇಸ್ತ್ರಿ ಕಾರ್ಯದರ್ಶಿಯ ಕಡೆ ಕೈ ತೋರಿಸಿದ. ಕಾರ್ಯದರ್ಶಿ ಮೆಟ್ಟಿಲ ಮೇಲೆ ನಿಂತು ಹೂಕುಂಡಗಳನ್ನು ಸಾಲಾಗಿ ಇಡಿಸುತ್ತಿದ್ದ. ಎತ್ತರದ, ಇಸ್ತ್ರಿ ಮಾಡಿದ ಮನುಷ್ಯ. ಯಾರೊಂದಿಗೂ ಕೂಗಿ ಮಾತಾಡುತ್ತಿರಲಿಲ್ಲ.

"ಸಾರ್, ನನ್ ಗಂಡನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಉಸಿರು ಬರ್ತಿಲ್ಲ."

"ನಾಳೆ ಸಂಜೆ ಬೀಗ ತೆಗೀತೀವಲ್ಲಮ್ಮ."

"ಇವತ್ತು ಉಸಿರು ಬರ್ತಿಲ್ಲ ಸಾರ್."

ಅವಳು ಕೈ ಮುಗಿಯಲು ಒಂದು ಹೆಜ್ಜೆ ಮುಂದೆ ಬಂದಳು. ಅವನು ಒಂದು ಮೆಟ್ಟಿಲು ಮೇಲೆ ಹತ್ತಿದ. ಅವಳ ಕೈಯಲ್ಲಿ ಆಸಿಡ್ ಪುಡಿ ಇತ್ತು; ಅವನ ಅಂಗಿ ಬೆಳ್ಳಗಿತ್ತು.

"ನೋಡಮ್ಮ, ಮಧ್ಯಾಹ್ನ ಗುರುಗಳು ಬರ್ತಾರೆ, ದೊಡ್ಡದೊಡ್ಡವರು ಬರ್ತಾರೆ. ಅಂಥ ಹೊತ್ತಲ್ಲಿ ಗೇಟಿಂದ ಆಂಬುಲೆನ್ಸು ಹೊರಗೆ ಹೋದ್ರೆ ನೋಡಿದವರು ಏನಂತಾರೆ? ಮಂದಿರಕ್ಕೆ ಕೆಟ್ಟ ಹೆಸರು ಬರಬಾರದು ಅಂತ ನಿನಗೂ ಇದೆ ತಾನೆ? ಔಷಧಿ ಕೊಡು. ದೇವರ ಮೇಲೆ ಭಾರ ಹಾಕು. ನಿನ್ನಂಥ ಭಕ್ತೆಗೆ ಹೇಳಿಕೊಡ್ಬೇಕಾ?" ಹಾಗೆಂದು ಅವನು ಹೂಕುಂಡದ ಕಡೆ ತಿರುಗಿದ. "ಅದನ್ನ ಸ್ವಲ್ಪ ಎಡಕ್ಕೆ."

ಅವಳು ಶೆಡ್ಡಿಗೆ ಹೋದಳು. ಔಷಧಿ ಕೊಟ್ಟಳು. ಅವನು ಅದನ್ನು ನುಂಗಲಾಗದೆ ಎದೆಯ ಮೇಲೆ ಚೆಲ್ಲಿಕೊಂಡ.

"ಹೋಗು," ಅಂದ. ಒಂದೊಂದು ಮಾತಿಗೂ ನಡುವೆ ಉಸಿರು ಹುಡುಕುತ್ತಿದ್ದ. "ಕೊನೆ ಕೋಟು... ಬಾಕಿ ಇದೆ ಅಂದೆಯಲ್ಲ... ಹೋಗು. ಗೋಡೆ ಆಚೇನೇ... ಇರ್ತೀನಿ. ಓಡಿಹೋಗಲ್ಲ... ಬೀಗ ಹಾಕವ್ರೆ."

ನಗಿಸಲು ಹೇಳಿದ್ದು. ಅವಳು ನಗಲಿಲ್ಲ. ಅವನ ಪಕ್ಕ ಗೊಣಗಮ್ಮನನ್ನು ಕೂರಿಸಿ ಒಳಪ್ರಾಂಗಣಕ್ಕೆ ಬಂದಳು.

ಒಳಪ್ರಾಂಗಣದ ನೆಲಕ್ಕೆ ಹೊಳಪು ಬಳಿಯುವ ಕೊನೆಯ ಕೋಟನ್ನು ಅವಳಿಗೇ ಕೊಟ್ಟಿದ್ದರು. ಅದು ಮರ್ಯಾದೆ ಎಂದು ಮೇಸ್ತ್ರಿ ಹೇಳಿದ್ದ. ನಾಳೆಯಿಂದ ಅಲ್ಲಿಗೆ ಗುರುಗಳನ್ನು ಬಿಟ್ಟು ಬೇರೆ ಯಾರೂ ಕಾಲಿಡುವಂತಿಲ್ಲ. ಕೆಲಸದವರನ್ನಂತೂ ಜನ ಬರುವ ಮೊದಲೇ ಶೆಡ್ಡಿನೊಳಗೆ ಸೇರಿಸಿ ಪರದೆ ಎಳೆಯುತ್ತಾರೆ. ಅವಳಿಗೆ ಇದೆಲ್ಲ ಗೊತ್ತಿತ್ತು. ಮನೆ ಮಾಡಿಕೊಟ್ಟವರು ಗೃಹಪ್ರವೇಶಕ್ಕೆ ಬೇಕೆಂದೇನೂ ಇಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಕೊನೆಯ ಕೋಟಿನ ಕ್ರಮ ಸುಲಭ. ಡಬ್ಬಿಯ ದ್ರವವನ್ನು ಬಟ್ಟೆಯಲ್ಲಿ ಅದ್ದಿ ನೆಲಕ್ಕೆ ಒಂದೇ ಸಮ ಎಳೆಯಬೇಕು. ಒಣಗಲು ಸಂಜೆಯಾಗುತ್ತದೆ. ಒಣಗುವ ಮುಂಚೆ ಕಾಲಿಟ್ಟರೆ ಅಚ್ಚು ಬೀಳುತ್ತದೆ. ಬಿದ್ದ ಅಚ್ಚು ಒರೆಸಿದರೆ ಹೋಗುವುದಿಲ್ಲ. ಮತ್ತೆ ಮಷೀನು ತಂದು ಮೊದಲಿನಿಂದ ಅರೆಯಬೇಕು. ಅದಕ್ಕೇ ಒಳಗಿನ ಗೋಡೆಯಿಂದ ಶುರು ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು, ಕೂತಲ್ಲೇ ಹಿಂದೆ ಹಿಂದೆ ಸರಿಯುತ್ತ ಹೊಸ್ತಿಲಿಗೆ ಬಂದು ಮುಗಿಸಬೇಕು. ಆ ಪ್ರಾಂಗಣಕ್ಕೆ ಬಾಗಿಲು ಒಂದೇ. ಹೊಸದಾಗಿ ಸೇರಿದವರು ಒಮ್ಮೆಯಾದರೂ ಬಾಗಿಲಿಂದ ಶುರು ಮಾಡಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಉಳಿದವರು ಹೊಸ್ತಿಲಲ್ಲಿ ನಿಂತು, "ಒಣಗೋ ತನಕ ಸಂಸಾರ ಅಲ್ಲೇ" ಎಂದು ನಗುತ್ತಾರೆ. ಇಷ್ಟು ವರ್ಷದಲ್ಲಿ ಮೂಲೆಯಕ್ಕ ಆ ತಪ್ಪು ಮಾಡಿರಲಿಲ್ಲ.

ಅವತ್ತು ಮಾಡಿದಳು.

ಅವಳ ಮನಸ್ಸು ಗೋಡೆಯ ಆಚೆಗಿತ್ತು. ಪೀಠದ ಹಿಂದೆ ಎತ್ತರದಲ್ಲಿ ಒಂದು ಗಾಳಿಕಿಂಡಿ. ಅಲ್ಲಿಂದ ಕೆಮ್ಮು ಕೇಳುತ್ತಿತ್ತು. ಅವಳು ಹೊಸ್ತಿಲ ಒಳಗೆ ಡಬ್ಬಿ ಇಟ್ಟಳು, ಬಟ್ಟೆ ಅದ್ದಿದಳು, ಮಂಡಿಯೂರಿದಳು, ಎಳೆಯತೊಡಗಿದಳು. ಕೆಮ್ಮು ಬಂದಾಗ ಕೈ ನಿಲ್ಲುತ್ತಿತ್ತು. ಕೆಮ್ಮು ಇಳಿದಾಗ ಕೈ ನಡೆಯುತ್ತಿತ್ತು. ಕೆಮ್ಮಿನ ಕಡೆಗೇ ಅವಳು ಹೋಗುತ್ತಿದ್ದಳು, ಕಿವಿ ಎಳೆದ ಕಡೆಗೆ. ಪ್ರಾಂಗಣದ ನಡುವೆ ಬಂದು ಬೆನ್ನು ನೆಟ್ಟಗೆ ಮಾಡಿ ಹಿಂದೆ ನೋಡಿದಾಗ ಬಾಗಿಲಿನವರೆಗೂ ನೆಲ ಹಸಿಯಾಗಿ ಮಿರುಗುತ್ತಿತ್ತು. ಮುಂದೆ ಪೀಠದವರೆಗೆ ಒಣನೆಲ.

ಅವಳಿಗೆ ಮೊದಲು ಬಂದದ್ದು ನಾಚಿಕೆ. ಕಸುಬುದಾರಳ ನಾಚಿಕೆ. ಈಗಲೇ ಎದ್ದು ಹೊರಗೆ ಬಂದರೆ ಕೆಲವೇ ಹೆಜ್ಜೆಗಳ ಅಚ್ಚು. ಮಷೀನ್ ಮಾವನಿಗೆ ಹೇಳಿದರೆ ಯಾರಿಗೂ ತಿಳಿಯದಂತೆ ಸರಿಮಾಡುತ್ತಾನೆ.

ಅವಳು ಏಳಲಿಲ್ಲ. ಹಸಿನೆಲವನ್ನು ನೋಡುತ್ತ ಕೂತಳು. ಈ ನೆಲವನ್ನು ಸಂಜೆಯವರೆಗೆ ಯಾರೂ ದಾಟಲಾರರು. ಕಾರ್ಯದರ್ಶಿಯೂ ದಾಟಲಾರ. ಅವನ ಹತ್ತಿರ ಬೀಗವಿತ್ತು. ತನ್ನ ಹತ್ತಿರ ಈಗ ಇದಿದೆ.

ಅವಳು ಬಟ್ಟೆಯನ್ನು ಮತ್ತೆ ಅದ್ದಿದಳು. ಈಗ ಕೈ ನಿಲ್ಲಲಿಲ್ಲ. ಒಳಗೆ, ಇನ್ನೂ ಒಳಗೆ, ಎಡಮೂಲೆ, ಬಲಮೂಲೆ, ಪೀಠದ ಬುಡ. ನೆಲವೆಲ್ಲ ಮುಗಿದಾಗ ಪೀಠವೊಂದೇ ಉಳಿಯಿತು. ಹತ್ತಿ ಕೂತಳು.

ಅದನ್ನು ಮೊದಲು ಕಂಡದ್ದು ಮೇಸ್ತ್ರಿ. ಅವನಿಗೆ ನಗು ಬಂತು. "ಅಯ್ಯೋ ಅಕ್ಕ! ನಿನ್ನಂಥೋಳೂ ಒಳಗೇ ಸಿಕ್ಕಿಹಾಕ್ಕೊಂಡ್ಯಾ? ಮಾವ, ಬಾರೋ ಇಲ್ಲಿ, ನೋಡು!" ಆಮೇಲೆ ಅವಳು ಕೂತ ಜಾಗ ಕಂಡು ಅವನ ನಗು ಇಳಿಯಿತು. "ಏ, ಏನದು? ಇಳಿ ಮೊದಲು. ಅದರ ಮೇಲೆ ಕೂರೋದಾ?"

"ಗೇಟು ತೆಗೆಸು," ಅವಳು ಅಂದಳು. "ನನ್ ಗಂಡ ಆಸ್ಪತ್ರೆಗೆ ಹೋಗ್ಬೇಕು. ಹೋದ ಮೇಲೆ ಇಳೀತೀನಿ."

"ತಲೆ ಕೆಟ್ಟಿದೆಯೇನೇ ನಿಂಗೆ?"

"ಕೆಟ್ಟಿತ್ತು. ಈಗ ಸರಿಯಾಯ್ತು."

ಕಾರ್ಯದರ್ಶಿ ಬಂದ. ಹೊಸ್ತಿಲ ಆಚೆ ಬೂಟು ಬಿಚ್ಚಿ ನಿಂತು ನೆಲ ನೋಡಿದ, ಪೀಠ ನೋಡಿದ. "ಎಳ್ಕೊಂಡು ಬನ್ನಿ," ಅಂದ, ಮೆಲ್ಲಗೆ.

"ಕಾಲಿಟ್ರೆ ಅಚ್ಚು ಬೀಳುತ್ತೆ ಸಾರ್," ಮೇಸ್ತ್ರಿ ಅಂದ. "ಮತ್ತೆ ಪೂರ್ತಿ ಅರೀಬೇಕಾಗುತ್ತೆ."

"ಹಲಗೆ ಹಾಕಿ."

"ಹಲಗೇದೂ ಅಚ್ಚೇ ಸಾರ್. ದೊಡ್ಡ ಅಚ್ಚು."

ಸ್ವಲ್ಪ ಹೊತ್ತಿಗೆ ಗುರುಗಳು ಬಂದರು. ಮುದುಕರು, ಮೆತ್ತಗಿನ ಮಾತಿನವರು. ದೇಣಿಗೆಯವರನ್ನು ಹೊರಗೆ ಹೂಕುಂಡದ ಹತ್ತಿರ ನಿಲ್ಲಿಸಿ ಅವರೊಬ್ಬರನ್ನೇ ಒಳಗೆ ಕರೆತಂದಿದ್ದರು. ಅವರನ್ನು ಕಂಡು ಮೂಲೆಯಕ್ಕ ಕೂತಲ್ಲೇ ಕೈ ಮುಗಿದಳು. ಇಳಿಯಲಿಲ್ಲ.

"ತಾಯೀ, ಅದು ಯಾರು ಕೂರೋ ಜಾಗ ಗೊತ್ತೇನಮ್ಮ?"

"ಗೊತ್ತು ಗುರುಗಳೇ. ನಾನೇ ಅರೆದದ್ದು."

"ಇಷ್ಟು ದಿನ ಸೇವೆ ಮಾಡಿದೀಯ. ಒಂದು ಹಟಕ್ಕೆ ಆ ಪುಣ್ಯವೆಲ್ಲ ಕಳ್ಕೋತೀಯ."

"ಪುಣ್ಯ ನೀವೇ ಇಟ್ಕೊಳ್ಳಿ ಗುರುಗಳೇ. ಬೀಗ ತೆಗೆಸಿ."

ಗುರುಗಳು ಕಾರ್ಯದರ್ಶಿಯ ಕಡೆ ನೋಡಿದರು. ಅವನು ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ಕಣ್ಣು ಮುಚ್ಚಿ ತೆರೆದರು. "ಇದು ಆಡಳಿತದ ವಿಷಯ," ಅಂದರು. "ನನಗೆ ತಿಳಿಯೋದಲ್ಲ." ಹೋದರು. ಅವಳು ಅವರ ಬೆನ್ನನ್ನು ನೋಡಿದಳು. ಆ ಬೆನ್ನಿಗೂ ಕೈ ಮುಗಿದಿದ್ದಳು ಎಷ್ಟೋ ಸಲ.

"ಬಾಗಿಲು ಹಾಕು," ಕಾರ್ಯದರ್ಶಿ ಮೇಸ್ತ್ರಿಗೆ ಹೇಳಿದ. "ಸಂಜೆ ಒಣಗುತ್ತಲ್ಲ. ಆಮೇಲೆ ಎಳೆದು ಹಾಕಿದರಾಯ್ತು. ಅಲ್ಲೀತನಕ ಅಲ್ಲೇ ಕೂತು ಪ್ರಾರ್ಥನೆ ಮಾಡಲಿ."

ಕೆತ್ತನೆಯ ಬಾಗಿಲು ಮುಚ್ಚಿತು. ಹೊರಗಿನಿಂದ ಅಗಣಿ ಬಿತ್ತು.

ಧೂಳು ಕೂರಬಾರದೆಂದು ಕಿಟಕಿಗಳನ್ನು ಮೊದಲೇ ಮುಚ್ಚಿದ್ದರು. ಡಬ್ಬಿಯ ದ್ರವದ ವಾಸನೆ ತಲೆಗೇರತೊಡಗಿತು. ಕಣ್ಣು ಉರಿಯಿತು. ಪೀಠದ ಮೇಲೆ ವಾಂತಿ ಮಾಡಬಾರದೆಂದು ಸೆರಗಿನಲ್ಲಿ ಮಾಡಿ, ಗಂಟು ಕಟ್ಟಿ ಇಟ್ಟುಕೊಂಡಳು. ಅಷ್ಟಾದರೂ ಭಕ್ತಿ ಉಳಿದಿತ್ತು.

ದೇವರು ನಾಳೆಯಿಂದ ಕೂರುವ ಜಾಗದಿಂದ ಅವಳು ಎದುರಿಗೆ ನೋಡಿದಳು. ಕಂಡದ್ದು ಮುಚ್ಚಿದ ಬಾಗಿಲು. ಇಷ್ಟು ದಿನ ಹೊರಗಿನಿಂದ ಒಳಗೆ ನೋಡಿ ಕೈ ಮುಗಿದಿದ್ದಳು. ಒಳಗಿನಿಂದ ಹೇಗೆ ಕಾಣುತ್ತದೆ ಎಂದು ಯೋಚಿಸಿರಲಿಲ್ಲ. ಈ ಬಾಗಿಲಿನ ಬೀಗದ ಕೈಯೂ ಆ ಜೇಬಿಗೇ ಹೋಗುತ್ತದೆ. ಅವನು ತೆಗೆದಾಗ ತೆರೆಯಬೇಕು. ಹಾಕಿದಾಗ ಮುಚ್ಚಬೇಕು.

"ನಿಂಗೂ ಹಿಂಗೇ ಕಣಪ್ಪ," ಅವಳು ಗಟ್ಟಿಯಾಗಿ ಅಂದಳು. "ಬರೋ ಮುಂಚೆ ಯೋಚನೆ ಮಾಡು."

ಅಷ್ಟರಲ್ಲಿ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಬಾಗಿಲ ಹತ್ತಿರದ ನೆಲದ ಮಿರುಗು ಬದಲಾಗುತ್ತಿತ್ತು. ಅಲ್ಲಿ ನೀರಿನ ಹೊಳಪು ಹೋಗಿ ಗಾಜಿನ ಹೊಳಪು ಬರುತ್ತಿತ್ತು. ಮೊದಲು ಬಳಿದದ್ದು ಮೊದಲು ಒಣಗುತ್ತದೆ. ಅವಳು ಬಾಗಿಲಿಂದ ಶುರು ಮಾಡಿದ್ದಳು. ಒಣಗುವುದೂ ಬಾಗಿಲಿಂದಲೇ ಶುರುವಾಗಿತ್ತು. ಸಂಜೆಯವರೆಗೆ ಕಾಯಬೇಕಿಲ್ಲ. ಅವರಿಗೆ ದಾರಿ ಆಗಲೇ ತೆರೆದುಕೊಳ್ಳುತ್ತಿತ್ತು, ಒಂದೊಂದೇ ಮೊಳ, ಅವಳ ಕಡೆಗೆ. ಅದು ಪೀಠ ಮುಟ್ಟುವ ಹೊತ್ತಿಗೆ ಅವಳ ಕೈಯಲ್ಲಿ ಏನೂ ಇರುವುದಿಲ್ಲ. ನೆಲ ಚೆನ್ನಾಗಿರುತ್ತದೆ. ಅವಳ ಕೆಲಸ ಚೆನ್ನಾಗಿರುತ್ತದೆ. ಅವಳನ್ನು ಅದರ ಮೇಲೇ ಎಳೆದುಕೊಂಡು ಹೋಗುತ್ತಾರೆ.

ಗಾಳಿಕಿಂಡಿಯಿಂದ ಕೆಮ್ಮು ಕೇಳುತ್ತಿತ್ತು. ಅದನ್ನು ಹಿಡಿದುಕೊಂಡೇ ಅವಳು ಕೂತಿದ್ದಳು. ಒಂದು ಕೆಮ್ಮು, ಒಂದು ಉಸಿರಿನ ಎಳೆತ, ಮತ್ತೊಂದು ಕೆಮ್ಮು.

ಕೆಮ್ಮು ನಿಂತಿತು.

ಅವಳು ಕಾದಳು. ಗೋಡೆಯ ಆಚೆ ಗೊಣಗಮ್ಮನ ಕೂಗು ಕೇಳಿತು. "ಅಣ್ಣಾ! ಕಣ್ ಬಿಡೋ ಅಣ್ಣಾ! ಯಾರಾದ್ರೂ ಬನ್ರೋ!"

ಮೂಲೆಯಕ್ಕ ಪೀಠದಿಂದ ಇಳಿದಳು. ಕಾಲು ಹಸಿನೆಲಕ್ಕೆ ಅಂಟಿತು. ಎತ್ತಿದಾಗ ಅರೆ ಒಣಗಿದ ಕೋಟು ತೊಗಲು ಸುಲಿದಂತೆ ಕಾಲಿನೊಂದಿಗೆ ಕಿತ್ತು ಬಂತು. ಅವಳಿಗೆ ಕಾಲು ನೋಯಲಿಲ್ಲ. ಬೇರೆಲ್ಲೋ ನೋಯಿತು. ಈ ನೆಲದ ಒಂದೊಂದು ಅಂಗುಲವೂ ಅವಳ ಮೊಣಕಾಲಿಗೆ ಗೊತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟಳು. ಮತ್ತೊಂದು. ನೇರ ಹೋಗಬಹುದಿತ್ತು. ನೇರ ಹೋಗಲಿಲ್ಲ. ಎಡಕ್ಕೆ ಹೋದಳು, ಬಲಕ್ಕೆ ಬಂದಳು, ನಡುವಿನ ಬಿಳಿಕಲ್ಲನ್ನೆಲ್ಲ ತುಳಿದಳು. ಉಳುವವರು ಹೊಲ ತುಳಿಯುವ ಹಾಗೆ ತುಳಿದಳು. ಬಾಯಲ್ಲಿ ದೇವರ ಹೆಸರಿತ್ತು, ಒಂದು ಹೆಜ್ಜೆಗೆ ಒಂದು ಸಲ. ಅದು ಹೇಗೆ ಬಂತೋ ಅವಳಿಗೇ ತಿಳಿಯದು.

ಬಾಗಿಲಿಗೆ ಎರಡೂ ಕೈಯಿಂದ ಗುದ್ದಿದಳು. "ಮಾವಾ! ಮಷೀನ್ ಮಾವಾ!"

ಕಿವಿ ಮಂದವಾದವನಿಗೆ ಅದು ಕೇಳಿತು. ಅಗಣಿ ತೆಗೆದವನು ಅವನೇ. ಮೇಸ್ತ್ರಿ ಅವನ ತೋಳು ಹಿಡಿದು ಜಗ್ಗುತ್ತಿದ್ದ. ಬಾಗಿಲು ತೆರೆದದ್ದೇ ಮೇಸ್ತ್ರಿಯ ಕೈ ಸಡಿಲವಾಯಿತು. ಅವನು ನೆಲ ನೋಡಿ ಹಣೆ ಚಚ್ಚಿಕೊಂಡ.

"ಹಾಳ್ ಮಾಡ್ಬಿಟ್ಯಲ್ಲೇ! ನಿನ್ನ ಕೈಯಾರೆ ಮಾಡಿದ್ದನ್ನ!"

ಅವಳು ಅವನನ್ನು ತಳ್ಳಿ ಶೆಡ್ಡಿನ ಕಡೆ ಓಡಿದಳು. ಗಂಡ ಗೊಣಗಮ್ಮನ ಮಡಿಲಲ್ಲಿ ಬಿದ್ದಿದ್ದ. ಮೂಗಿನ ಹತ್ತಿರ ಕೈ ಹಿಡಿದಳು. ಅವಳ ಅಂಗೈಯ ತೊಗಲು ಸತ್ತುಹೋಗಿತ್ತು, ಏನೂ ತಿಳಿಯಲಿಲ್ಲ. ಕೆನ್ನೆ ಇಟ್ಟಳು. ಉಸಿರಿತ್ತು. ಎಳೆಯಷ್ಟು.

ಅವಳೂ ಗೊಣಗಮ್ಮನೂ ಅವನನ್ನು ಎತ್ತಿಕೊಂಡು ಪರದೆ ಸರಿಸಿ ಮುಂಭಾಗಕ್ಕೆ ಬಂದರು. ಕಲ್ಲು ಎತ್ತಿ ಕುಯ್ಯುತ್ತಿದ್ದವನು ಈಗ ಒಂದು ಚೀಲದಷ್ಟೂ ಭಾರವಿರಲಿಲ್ಲ. ಹೂಕುಂಡದ ಹತ್ತಿರ ನಿಂತಿದ್ದ ದೇಣಿಗೆಯವರು ದಾರಿ ಬಿಟ್ಟರು. ಒಬ್ಬಾಕೆ ಮೂಗಿಗೆ ಕರವಸ್ತ್ರ ಹಿಡಿದಳು.

ಮೆಟ್ಟಿಲ ಮೇಲೆ ಕಾರ್ಯದರ್ಶಿ ಮಷೀನ್ ಮಾವನಿಗೆ ಹೇಳುತ್ತಿದ್ದ. "ಮಷೀನು ಒಳಗೆ ತಗೊಂಡು ಹೋಗು. ಈಗಲೇ ಅರೆಯೋಕೆ ಶುರು ಮಾಡಿದ್ರೆ ಬೆಳಿಗ್ಗೆ ಹೊತ್ತಿಗೆ ಆಗುತ್ತೆ."

"ಆಂ?" ಅಂದ ಮಷೀನ್ ಮಾವ.

"ಮಷೀನು. ಒಳಗೆ."

"ಕಿವಿ ಕೇಳಲ್ಲ ಸಾರ್."

ಮೇಸ್ತ್ರಿ ಅವನ ಕಿವಿಯ ಹತ್ತಿರ ಹೋಗಿ ಕೂಗಿದ. ಮಷೀನ್ ಮಾವ ತಲೆಯಾಡಿಸಿದ. "ಗೇಟು ತೆಗೆದ ಸದ್ದು ಕೇಳಿದ್ರೆ," ಅವನು ಎಲ್ಲರಿಗೂ ಕೇಳುವಂತೆ ಅಂದ, "ಬಾಕಿದ್ದೂ ಕೇಳಿಸಬಹುದು."

ಉಳಿದ ಕೆಲಸದವರು ಒಬ್ಬೊಬ್ಬರಾಗಿ ಬಂದು ಅವನ ಹಿಂದೆ ನಿಂತರು. ಕೈಯಲ್ಲಿ ಯಾರೂ ಏನೂ ಹಿಡಿದಿರಲಿಲ್ಲ. ಸಾಣೆಕಲ್ಲನ್ನೂ ಹಿಡಿದಿರಲಿಲ್ಲ. ಕಾರ್ಯದರ್ಶಿ ಅವರನ್ನು ನೋಡಿದ. ದೇಣಿಗೆಯವರನ್ನು ನೋಡಿದ. ಅವರು ನೋಡುತ್ತಿದ್ದರು. ಅವನು ಜೇಬಿಗೆ ಕೈ ಹಾಕಿದ.

ಸರಪಳಿ ಬಿಚ್ಚುವ ಸದ್ದಾಯಿತು. ಹೂಕುಂಡ ತಂದಿದ್ದ ವ್ಯಾನು ಇನ್ನೂ ಅಂಗಳದಲ್ಲೇ ಇತ್ತು. ಗಂಡನನ್ನು ಅದರ ಹಿಂಭಾಗದಲ್ಲಿ, ಚೆಲ್ಲಿದ್ದ ಮಣ್ಣಿನ ಮೇಲೆ ಮಲಗಿಸಿದರು. ಮಲಗಿದರೆ ಆಗದೆಂದು ಮೂಲೆಯಕ್ಕ ಅವನನ್ನು ಎತ್ತಿ ಎದೆಗೆ ಒರಗಿಸಿಕೊಂಡಳು.

ಮೇಸ್ತ್ರಿ ವ್ಯಾನಿನ ಬಾಗಿಲು ಹಿಡಿದುಕೊಂಡ. "ಅವನ ಜೊತೆ ಗೊಣಗಮ್ಮ ಹೋಗ್ಲಿ. ನೀನಿಳಿ. ನೀನು ಹೋದ್ರೆ ಮೂಲೆ ಯಾರು ಮಾಡ್ತಾರೆ?"

"ಮೂಲೆ ತುಳಿದಿಲ್ಲ," ಅವಳು ಅಂದಳು. "ನಡು ತುಳಿದಿದೀನಿ. ಮಷೀನು ಸಾಕು. ಕೈ ತೆಗಿ."

"ನಾಳೆಯಿಂದ ಯಾವ ಸೈಟಿಗೂ ಕರೆಯಲ್ಲ ನಿನ್ನ. ನೆನಪಿರಲಿ."

"ಕೈ ತೆಗಿ."

ಅವನು ತೆಗೆಯಲಿಲ್ಲ. ಗೊಣಗಮ್ಮ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಏನೋ ಗೊಣಗುತ್ತಾ.

ವ್ಯಾನು ಗೇಟು ದಾಟಿತು. ಹಿಂದಿನ ಕಿಟಕಿಯಿಂದ ಮೂಲೆಯಕ್ಕನಿಗೆ ಕಾಣಿಸಿತು: ಕಾವಲುಗಾರ ಗೇಟನ್ನು ತಳ್ಳಿಕೊಂಡು ಮುಚ್ಚಲು ಬರುತ್ತಿದ್ದ. ಅದು ಹಳಿಯ ಮೇಲೆ ಉರುಳುವ ಗೇಟು. ಅಷ್ಟರಲ್ಲಿ ಮಷೀನ್ ಮಾವ ನೆಲ ಅರೆಯುವ ಮಷೀನನ್ನು ದೂಡಿಕೊಂಡು ಬಂದ. ಮಂದಿರದ ಕಡೆಗಲ್ಲ. ಗೇಟಿನ ಕಡೆಗೆ. ಇನ್ನೂ ನಾಲ್ಕಾರು ಜನ ಕೈ ಹಾಕಿ ಅದನ್ನು ಹಳಿಯ ಮೇಲೆ ಅಡ್ಡ ನಿಲ್ಲಿಸಿದರು. ಗೇಟು ಬಂದು ಅದಕ್ಕೆ ಬಡಿದು ನಿಂತಿತು. ಗೊಣಗಮ್ಮ ಮಷೀನಿನ ಮೇಲೆ ಹತ್ತಿ ಕೂತಳು.

ಆಮೇಲೆ ತಿರುವು ಬಂತು, ಏನೂ ಕಾಣಲಿಲ್ಲ.

ಗಂಡನ ತಲೆ ಅವಳ ಕುತ್ತಿಗೆಗೆ ಒರಗಿತ್ತು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಬಹಳ ಹೊತ್ತಿನ ಮೇಲೆ ಮತ್ತೆ ಬರುತ್ತಿತ್ತು. ದೇವರನ್ನು ಕರೆಯಲು ಅವಳು ಬಾಯಿ ತೆರೆದಳು.

"ಅಣ್ಣಾ," ಅಂದಳು, ಡ್ರೈವರನಿಗೆ. "ಜೋರಾಗಿ ಓಡ್ಸು."